ಜನ ಎಲ್ಲಿ, ಮೇಡಂ? – ಒಂದು ಇಂಗ್ಲಿಷ್ ಹಳ್ಳಿಯ ಪಾಠವನ್ನು ಎರಡು ಬಾರಿ ಬೋಧಿಸಿದ ಅನುಭವ

ಹಿನ್ನೆಲೆ

ಅಭ್ಯಾಸ ಬೋಧನೆಯ ಎರಡನೆಯ ಹಂತಕ್ಕೆ ನನಗೆ ದೊರೆತದ್ದು ತಿಪಟೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ನನ್ನ ಬೋಧನಾ ವಿಷಯ ಸಮಾಜ ವಿಜ್ಞಾನ. ನಮ್ಮ ತಂಡದಲ್ಲಿ ವಯಸ್ಸಿನಲ್ಲಿ ನಾನೇ ಹಿರಿಯಳು. ಪದವಿ ಮುಗಿದ ಮೇಲೆ ಮದುವೆಯಾಗಿ, ಪತಿಯ ಕೆಲಸದ ನಿಮಿತ್ತ ನಾಲ್ಕು ವರ್ಷ ಇಂಗ್ಲೆಂಡಿನಲ್ಲಿದ್ದು, ಮರಳಿ ಬಂದ ನಂತರ ಬಿ.ಇಡಿ.ಗೆ ಸೇರಿದವಳು. ನಾವಿದ್ದದ್ದು ಲಂಡನ್ನಿನ ವಾಯವ್ಯಕ್ಕೆ, ಹರ್ಟ್‌ಫರ್ಡ್‌ಶೈರ್ ಕೌಂಟಿಯ ಅಂಚಿನಲ್ಲಿರುವ ಚಾರ್ಲಿವುಡ್ ಎಂಬ ಹಳ್ಳಿಯಲ್ಲಿ.

ಒಂಬತ್ತನೆಯ ತರಗತಿಗೆ ಜನವಸತಿಗಳ ಬಗ್ಗೆ ಒಂದು ಪೂರಕ ಪಾಠ ಮಾಡುವ ಅವಕಾಶ ಬಂದಾಗ ಮಾರ್ಗದರ್ಶಕ ಉಪನ್ಯಾಸಕರು, "ನೀವು ಬದುಕಿ ಬಂದ ಊರನ್ನೇ ಪಾಠ ಮಾಡಿ. ಪುಸ್ತಕದಲ್ಲಿ ಇಲ್ಲದ್ದು ಮಕ್ಕಳಿಗೆ ಸಿಗುತ್ತದೆ" ಎಂದರು. ನನಗೂ ಸಂತೋಷವಾಯಿತು. ಗೊತ್ತಿರುವ ವಿಷಯ, ಸಿದ್ಧತೆಯ ಹೊರೆ ಇಲ್ಲ ಎಂದುಕೊಂಡೆ. ಆ ಎಣಿಕೆ ಹೇಗೆ ತಪ್ಪಾಯಿತು, ಅದೇ ಪಾಠವನ್ನು ಒಂದು ವಾರದ ನಂತರ ಇನ್ನೊಂದು ವಿಭಾಗಕ್ಕೆ ಹೇಗೆ ಬದಲಿಸಿ ಮಾಡಿದೆ ಎಂಬುದನ್ನು ಇಲ್ಲಿ ದಾಖಲಿಸಿದ್ದೇನೆ.

ಮೊದಲ ಪಾಠ: 'ಎ' ವಿಭಾಗ

ಪಾಠಯೋಜನೆಯಲ್ಲಿ ನಾನು ಬರೆದ ಉದ್ದೇಶಗಳು ಮೂರು. ವಿದ್ಯಾರ್ಥಿಗಳು ಇಂಗ್ಲೆಂಡಿನ ಒಂದು ಉಪನಗರ ಹಳ್ಳಿಯ ಲಕ್ಷಣಗಳನ್ನು ಹೆಸರಿಸುವರು. ಅದನ್ನು ತಮ್ಮ ಊರಿನೊಂದಿಗೆ ಹೋಲಿಸುವರು. ಎರಡರ ನಡುವಿನ ವ್ಯತ್ಯಾಸಗಳನ್ನು ಪಟ್ಟಿ ಮಾಡುವರು. ಬೋಧನೋಪಕರಣವಾಗಿ ನಾನೇ ತೆಗೆದಿದ್ದ ಹದಿನೆಂಟು ಫೋಟೋಗಳನ್ನು ದೊಡ್ಡದಾಗಿ ಮುದ್ರಿಸಿಕೊಂಡು ಹೋಗಿದ್ದೆ. ಕೆಂಪು ಇಟ್ಟಿಗೆಯ ಮನೆಗಳು, ಮುಂದೆ ಕತ್ತರಿಸಿದ ಬೇಲಿ, ಹುಲ್ಲಿನ ಹಾಸು, ಚಕಮಕಿ ಕಲ್ಲಿನ ಚರ್ಚು, ರೈಲು ನಿಲ್ದಾಣ, ಎಲೆ ಉದುರುವ ಕಾಲದ ಮರಗಳು.

ಫೋಟೋಗಳು ಬೆಂಚಿನಿಂದ ಬೆಂಚಿಗೆ ಹೋದವು. "ಎಷ್ಟ್ ಕ್ಲೀನಾಗೈತೆ" ಎಂದರು. "ಸಿನಿಮಾದಾಗಿದ್ದಂಗೈತೆ" ಎಂದರು. ನಾನು ಸ್ವಚ್ಛತೆ, ಶಿಸ್ತು, ಶಾಂತಿ ಎಂದು ಕಪ್ಪುಹಲಗೆಯ ಮೇಲೆ ಬರೆಯುತ್ತಾ ಹೋದೆ. ಇಪ್ಪತ್ತು ನಿಮಿಷವಾಗಿರಬೇಕು. ಮೂರನೆಯ ಬೆಂಚಿನ ಹುಡುಗ ಫೋಟೋಗಳನ್ನೆಲ್ಲ ಮತ್ತೊಮ್ಮೆ ಇಸಿದುಕೊಂಡು, ಒಂದೊಂದಾಗಿ ತಿರುವಿ ಹಾಕಿ ಎದ್ದು ನಿಂತ.

"ಜನ ಎಲ್ಲಿ, ಮೇಡಂ?"

ತರಗತಿ ನಕ್ಕಿತು. ನಾನೂ ನಕ್ಕೆ. ಫೋಟೋಗಳನ್ನು ತಿರುಗಿ ನೋಡಿದೆ. ಹದಿನೆಂಟರಲ್ಲಿ ಒಂದರಲ್ಲೂ ಮನುಷ್ಯರಿರಲಿಲ್ಲ. ಒಂದರಲ್ಲಿ ಮಾತ್ರ ದೂರದಲ್ಲಿ ಯಾರೋ ನಾಯಿ ಹಿಡಿದು ಹೋಗುತ್ತಿದ್ದರು, ಅದೂ ಬೆನ್ನು ಮಾಡಿ. "ಎಲ್ಲರೂ ಕೆಲಸಕ್ಕೆ ಹೋಗಿರ್ತಾರೆ" ಎಂದು ಹೇಳಿ ಮುಂದೆ ಹೋಗಲು ನೋಡಿದೆ. ಆಗ ಒಬ್ಬ ಹುಡುಗಿ, "ಅಲ್ಲಿ ನಿಮ್ಮನ್ನ ಯಾರಾದ್ರೂ 'ಊಟ ಆಯ್ತಾ' ಅಂತ ಕೇಳ್ತಿದ್ರಾ ಮೇಡಂ?" ಎಂದಳು. ಮತ್ತೊಬ್ಬ, "ಹಳ್ಳಿ ಅಂತೀರಾ, ಹೊಲ ಎಲ್ಲೈತೆ?" ಎಂದ. ಮೂರಕ್ಕೂ ನನ್ನ ಪಾಠಯೋಜನೆಯಲ್ಲಿ ಉತ್ತರ ಇರಲಿಲ್ಲ. ಉಳಿದ ಸಮಯದಲ್ಲಿ ಹೋಲಿಕೆಯ ಪಟ್ಟಿ ಬರೆಸಿ, ಗಂಟೆ ಹೊಡೆದ ಕೂಡಲೇ ಹೊರಬಂದೆ.

ಮಕ್ಕಳು ಬರೆದ ಪಟ್ಟಿಯಲ್ಲಿ ಎರಡು ಬಗೆ ಕಂಡಿತು. ಅರ್ಧದಷ್ಟು ಜನ 'ಅವರ ಊರು ಸ್ವಚ್ಛ, ನಮ್ಮ ಊರು ಕೊಳಕು' ಎಂದು ಬರೆದಿದ್ದರು. ಇನ್ನರ್ಧ 'ಅಲ್ಲಿ ಯಾರೂ ಯಾರನ್ನೂ ಮಾತಾಡಿಸುವುದಿಲ್ಲ, ನಮ್ಮಲ್ಲಿ ಪ್ರೀತಿ ಇದೆ' ಎಂದು ಬರೆದಿದ್ದರು. ಎರಡೂ ಅಭಿಪ್ರಾಯಗಳು. ಯಾವುದೂ ಭೂಗೋಳ ಅಲ್ಲ. ಎರಡನ್ನೂ ಕಲಿಸಿದವಳು ನಾನೇ.

ಎಡವಿದ್ದು ಎಲ್ಲಿ

ಅವಲೋಕನ ಪುಸ್ತಕದಲ್ಲಿ ಉಪನ್ಯಾಸಕರು ಒಂದೇ ಸಾಲು ಬರೆದಿದ್ದರು: 'ಉದ್ದೇಶಗಳಿವೆ, ಪ್ರಶ್ನೆ ಇಲ್ಲ.' ಸಂಜೆ ಅದರ ಬಗ್ಗೆ ಕೇಳಿದಾಗ, "ನಿಮ್ಮ ಪಾಠದಲ್ಲಿ ನಿಜವಾದ ಪ್ರಶ್ನೆ ಕೇಳಿದವನು ಆ ಹುಡುಗ. ನೀವು ಅದನ್ನು ದಾಟಿಕೊಂಡು ಹೋದಿರಿ. ಯಾಕೆ?" ಎಂದರು.

ಯಾಕೆ ಎಂದು ನನಗೆ ಗೊತ್ತಿತ್ತು, ಹೇಳಲಿಲ್ಲ. ಆ ಊರಿನಲ್ಲಿ ನಾನು ಮೊದಲ ವರ್ಷ ಕೇಳಿಕೊಂಡ ಪ್ರಶ್ನೆಯೂ ಅದೇ. ಪತಿ ಬೆಳಿಗ್ಗೆ ರೈಲಿಗೆ ಹೋದರೆ ಸಂಜೆಯವರೆಗೆ ರಸ್ತೆಯಲ್ಲಿ ಒಂದು ದನಿ ಇಲ್ಲ. ಗಾಳಿಯ ಸದ್ದು, ಎಲ್ಲೋ ಒಂದು ಕಾರು, ಕಾಗೆ. ಡಿಸೆಂಬರಿನಲ್ಲಿ ನಾಲ್ಕಕ್ಕೆ ಮೊದಲೇ ಕತ್ತಲು. ಅಮ್ಮ ಫೋನಿನಲ್ಲಿ "ಅಕ್ಕಪಕ್ಕದೋರು ಹೆಂಗಿದಾರೆ?" ಎಂದು ಕೇಳಿದರೆ "ಚೆನ್ನಾಗಿದಾರೆ" ಎನ್ನುತ್ತಿದ್ದೆ. ಅವರ ಹೆಸರೇ ನನಗೆ ಗೊತ್ತಿರಲಿಲ್ಲ. ಊರಿಗೆ ಕಳಿಸುವ ಫೋಟೋಗಳಲ್ಲಿ ಮಾತ್ರ ಎಲ್ಲವೂ ಚಂದ. ಅವೇ ಫೋಟೋಗಳನ್ನು ತರಗತಿಗೂ ತಂದಿದ್ದೆ. ಅಮ್ಮನಿಗೆ ಕೊಟ್ಟ ಉತ್ತರವನ್ನೇ ಮಕ್ಕಳಿಗೂ ಕೊಟ್ಟಿದ್ದೆ.

ಆದ್ದರಿಂದ ಎರಡನೆಯ ಪಾಠಕ್ಕೆ 'ಜನ ಎಲ್ಲಿ?' ಎಂಬುದನ್ನೇ ಮುಖ್ಯ ಪ್ರಶ್ನೆಯಾಗಿ ಇಟ್ಟುಕೊಂಡೆ. ಅದಕ್ಕೆ ಉತ್ತರ ಹೇಳಬೇಕಾದರೆ ಮೊದಲು ವಿಷಯವನ್ನು ಸರಿಯಾಗಿ ಓದಿಕೊಳ್ಳಬೇಕಾಯಿತು.

ವಿಷಯ ವಿಶ್ಲೇಷಣೆ

ಚಾರ್ಲಿವುಡ್ಡನ್ನು ಹಳ್ಳಿ ಎನ್ನುತ್ತಾರೆ. ಆದರೆ ಇಂದು ಅಲ್ಲಿ ಬೇಸಾಯದಿಂದ ಬದುಕುವವರು ತೀರ ಕಡಿಮೆ. ಅದನ್ನು ಇವತ್ತಿನ ಊರಾಗಿ ಮಾಡಿದ್ದು ರೈಲು. ಮೆಟ್ರೋಪಾಲಿಟನ್ ರೈಲ್ವೆ 1889ರಲ್ಲಿ ಅಲ್ಲಿಗೆ ತಲುಪಿತು. ಲಂಡನ್ನಿನಲ್ಲಿ ದುಡಿದು ಹಳ್ಳಿಯಲ್ಲಿ ಮಲಗುವುದು ಆಗ ಸಾಧ್ಯವಾಯಿತು. ಆ ರೈಲ್ವೆ ಕಂಪನಿ ತನ್ನ ಹಳಿಯ ಆಚೀಚೆಯ ಊರುಗಳಿಗೆ 'ಮೆಟ್ರೋಲ್ಯಾಂಡ್' ಎಂದು ಹೆಸರಿಟ್ಟು, 1915ರಿಂದ 1932ರವರೆಗೆ ಅದೇ ಹೆಸರಿನ ಪುಸ್ತಿಕೆಗಳನ್ನು ಹೊರತಂದು, ಹಸುರಿನ ನಡುವೆ ಮನೆ ಮಾಡಿ ಎಂದು ಜನರನ್ನು ಕರೆಯಿತು. ಜನ ಹೆಚ್ಚಿದರೆ ಟಿಕೆಟ್ಟೂ ಹೆಚ್ಚು ಎಂಬುದು ಲೆಕ್ಕ. ಇಂದಿಗೂ ಅದು ಲಂಡನ್ ಭೂಗತ ರೈಲಿನ ಮೆಟ್ರೋಪಾಲಿಟನ್ ಮಾರ್ಗದ ನಿಲ್ದಾಣ. ನಗರದ ನಡುವಿಗೆ ಮುಕ್ಕಾಲು ಗಂಟೆಯ ಪ್ರಯಾಣ.

ಹಾಗಾದರೆ ಲಂಡನ್ ಬೆಳೆದು ಆ ಊರನ್ನು ನುಂಗಿಹಾಕಲಿಲ್ಲ ಏಕೆ? ಬೆಂಗಳೂರು ತನ್ನ ಸುತ್ತಲಿನ ಹಳ್ಳಿಗಳನ್ನು ಬಡಾವಣೆಗಳಾಗಿ ಮಾಡಿಕೊಂಡದ್ದನ್ನು ಕಂಡ ನಮ್ಮ ಮಕ್ಕಳಿಗೆ ಈ ಪ್ರಶ್ನೆ ಸಹಜ. ಉತ್ತರ, ಹಸಿರು ಪಟ್ಟಿ. ಲಂಡನ್ನಿನ ಸುತ್ತಲಿನ ಬಯಲನ್ನು ಉಳಿಸಲು 1938ರಲ್ಲಿ ಕಾಯ್ದೆ ಬಂತು. 1947ರ ಯೋಜನಾ ಕಾಯ್ದೆಯ ನಂತರ ಯಾವುದೇ ಹೊಸ ಕಟ್ಟಡಕ್ಕೂ ಅನುಮತಿ ಬೇಕಾಯಿತು. 1955ರಲ್ಲಿ ಸರ್ಕಾರ ಇತರ ನಗರಗಳಿಗೂ ಹಸಿರು ಪಟ್ಟಿ ಗುರುತಿಸುವಂತೆ ಸೂಚಿಸಿತು. ಇದರಿಂದ ಹೊಲ, ಕಾಡು ಉಳಿದವು. ಮನೆಗಳ ಸಂಖ್ಯೆ ಸುಲಭವಾಗಿ ಹೆಚ್ಚುವಂತಿಲ್ಲವಾದ್ದರಿಂದ ಬೆಲೆ ಏರಿತು. ಅಲ್ಲೇ ಬೆಳೆದ ಮಕ್ಕಳು ದುಡಿಯುವ ವಯಸ್ಸಿಗೆ ಬಂದಾಗ ಅಲ್ಲಿ ಮನೆ ಕೊಳ್ಳಲಾಗದೆ ದೂರ ಹೋಗುತ್ತಾರೆ. ವಯಸ್ಸಾದವರು ದೊಡ್ಡ ಮನೆಗಳಲ್ಲಿ ಒಬ್ಬೊಬ್ಬರೇ ಉಳಿಯುತ್ತಾರೆ. ಊರಿನ ಚಂದಕ್ಕೂ ಊರಿನ ಒಂಟಿತನಕ್ಕೂ ಕಾರಣ ಒಂದೇ ಇರಬಹುದು ಎಂಬುದು ನನಗೆ ಹೊಳೆದದ್ದು ಪಾಠದ ಟಿಪ್ಪಣಿ ಬರೆಯುವಾಗ, ಅಲ್ಲಿದ್ದಾಗ ಅಲ್ಲ.

ಊರಿನ ನಡುವೆ ಸುಮಾರು 200 ಎಕರೆಯ 'ಕಾಮನ್' ಇದೆ. ನಮ್ಮ ಗೋಮಾಳವನ್ನು ನೆನೆದುಕೊಂಡರೆ ಸಾಕು. ಒಂದು ಕಾಲಕ್ಕೆ ಊರಿನವರು ದನ ಕುರಿ ಮೇಯಿಸುತ್ತಿದ್ದ ಜಾಗ. ಮೇಯಿಸುವುದು ನಿಂತ ಮೇಲೆ ಬಯಲಿನ ಬಹುಭಾಗದಲ್ಲಿ ಮರಗಳು ಎದ್ದವು. ಈಗ ಜನ ಅಲ್ಲಿ ನಡೆಯುತ್ತಾರೆ, ನಾಯಿ ಆಡಿಸುತ್ತಾರೆ. ಖಾಸಗಿ ಹೊಲಗಳ ನಡುವೆಯೂ ಸಾರ್ವಜನಿಕರು ನಡೆಯುವ ಹಕ್ಕಿರುವ ಕಾಲುದಾರಿಗಳಿವೆ. 1949ರ ಕಾಯ್ದೆಯಂತೆ ಅವನ್ನು ನಕ್ಷೆಯಲ್ಲಿ ದಾಖಲಿಸಲಾಗುತ್ತದೆ. ಜಮೀನಿನ ಮಾಲೀಕ ದಾರಿ ಮುಚ್ಚುವಂತಿಲ್ಲ. ಆಕಾಶದಲ್ಲಿ ಕವಲು ಬಾಲದ ಕೆಂಪು ಹದ್ದುಗಳು ತಿರುಗುತ್ತಿರುತ್ತವೆ. ಇಂಗ್ಲೆಂಡಿನಿಂದ ಅಳಿದೇಹೋಗಿದ್ದ ಈ ಹಕ್ಕಿಯನ್ನು 1989ರಿಂದ ಸ್ಪೇನಿನಿಂದ ತಂದು ಹತ್ತಿರದ ಚಿಲ್ಟರ್ನ್ ಬೆಟ್ಟಗಳಲ್ಲಿ ಬಿಟ್ಟು ಬೆಳೆಸಿದರು.

ಆಡಳಿತವನ್ನು ನಮ್ಮ ಪೌರನೀತಿಯ ಪಾಠಕ್ಕೆ ಜೋಡಿಸಬಹುದು. ಅಲ್ಲಿಯೂ ಮೂರು ಹಂತ: ಪ್ಯಾರಿಷ್ ಕೌನ್ಸಿಲ್, ತ್ರೀ ರಿವರ್ಸ್ ಜಿಲ್ಲಾ ಕೌನ್ಸಿಲ್, ಹರ್ಟ್‌ಫರ್ಡ್‌ಶೈರ್ ಕೌಂಟಿ ಕೌನ್ಸಿಲ್. ಪ್ಯಾರಿಷ್ ಎಂದರೆ ಮೂಲದಲ್ಲಿ ಚರ್ಚಿನ ವ್ಯಾಪ್ತಿ. 1894ರ ಕಾಯ್ದೆಯಿಂದ ಅದಕ್ಕೆ ಚುನಾಯಿತ ಮಂಡಳಿ ಬಂತು. ಮನೆಗಳಿಂದ ಕಸ ಸಂಗ್ರಹಿಸುವುದು ಜಿಲ್ಲೆಯದು, ರಸ್ತೆ ಮತ್ತು ಶಾಲೆ ಕೌಂಟಿಯದು. ಪ್ಯಾರಿಷ್‌ಗೆ ಉಳಿಯುವುದು ಸಣ್ಣ ಪುಟ್ಟ ಕೆಲಸಗಳು. 1993ರ ಕಾಯ್ದೆಯಂತೆ ನಡೆಯುವ ನಮ್ಮ ಗ್ರಾಮ ಪಂಚಾಯಿತಿಗೆ ಅದಕ್ಕಿಂತ ಹೆಚ್ಚು ಹೊಣೆಗಳಿವೆ ಎಂದು ಕೇಳಿ ಮಕ್ಕಳಿಗೆ ಆಶ್ಚರ್ಯವಾಗುತ್ತದೆ.

ಇನ್ನೆರಡು ಸಂಗತಿಗಳು ಮಕ್ಕಳ ಗಮನ ಸೆಳೆಯಲು ಉಪಯುಕ್ತ. ಒಂದು ಬ್ರೆಡ್. 1961ರಲ್ಲಿ ಈ ಊರಿನಲ್ಲಿದ್ದ ಬೇಕರಿ ಉದ್ಯಮದ ಸಂಶೋಧನಾ ಸಂಸ್ಥೆಯಲ್ಲಿ, ಹಿಟ್ಟನ್ನು ಯಂತ್ರದಲ್ಲಿ ಬಹಳ ವೇಗವಾಗಿ ಕಲಸಿ, ಹುದುಗುವ ಸಮಯವನ್ನು ತೀರ ಕಡಿಮೆ ಮಾಡುವ ವಿಧಾನ ಕಂಡುಹಿಡಿದರು. ಬ್ರಿಟನ್ನಿನ ಬಹುಪಾಲು ಬ್ರೆಡ್ ಇಂದು ಈ ವಿಧಾನದಲ್ಲೇ ತಯಾರಾಗುತ್ತದೆ. ಎರಡನೆಯದು, 2004ರಲ್ಲಿ ಅಲ್ಲಿನ ಸರ್ಕಾರ ಆದಾಯ, ಉದ್ಯೋಗ, ಆರೋಗ್ಯ, ಶಿಕ್ಷಣ, ಅಪರಾಧ ಮೊದಲಾದ ಅಂಶಗಳನ್ನು ಅಳೆದು ನಡೆಸಿದ ಅಧ್ಯಯನದಲ್ಲಿ, ಜೀವನದ ಗುಣಮಟ್ಟಕ್ಕೆ ಇಂಗ್ಲೆಂಡಿನಲ್ಲೇ ಮೊದಲ ಸ್ಥಾನ ಚಾರ್ಲಿವುಡ್ಡಿನ ಒಂದು ಭಾಗಕ್ಕೆ ಸಿಕ್ಕಿತು. ಪತ್ರಿಕೆಗಳು ಅದನ್ನು ಅತ್ಯಂತ ಸುಖದ ಊರು ಎಂದು ಬರೆದವು. ಅಳತೆಗೆ ಸಿಗುವ ಅಂಶಗಳು ಯಾವುವು, ಸಿಗದವು ಯಾವುವು ಎಂದು ಚರ್ಚಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ಎರಡನೆಯ ಪಾಠ: 'ಬಿ' ವಿಭಾಗ

ಹಂತ 1. ಪೀಠಿಕೆ (5 ನಿಮಿಷ). ಈ ಬಾರಿ ಫೋಟೋಗಳಿಂದ ಆರಂಭಿಸಲಿಲ್ಲ. ಒಂದೇ ಪ್ರಶ್ನೆ ಕೇಳಿದೆ: "ನಿಮ್ಮ ಬೀದಿಯಲ್ಲಿ ಬೆಳಿಗ್ಗೆ ಹನ್ನೊಂದು ಗಂಟೆಗೆ ಯಾರು ಯಾರು ಕಾಣ್ತಾರೆ?" ಉತ್ತರಗಳು ತಾವಾಗಿ ಬಂದವು. ಅರಳಿಕಟ್ಟೆಯ ಮೇಲಿನ ಅಜ್ಜಂದಿರು, ಕೊಬ್ಬರಿ ಒಣಗಿಸುವವರು, ನೀರಿನ ಟ್ಯಾಂಕಿನ ಹತ್ತಿರ ಹೆಂಗಸರು, ಅಂಗಡಿಯ ಮುಂದೆ ಬೈಕಿನವರು. ಎಲ್ಲವನ್ನೂ ಹಲಗೆಯ ಎಡಭಾಗದಲ್ಲಿ ಬರೆದೆ.

ಹಂತ 2. ಚಿತ್ರ ವೀಕ್ಷಣೆ (5 ನಿಮಿಷ). ನಾಲ್ಕೇ ಫೋಟೋ ಕೊಟ್ಟು, "ಇದೂ ವಾರದ ನಡುವೆ ಹನ್ನೊಂದು ಗಂಟೆಗೆ ತೆಗೆದದ್ದು. ಏನು ಇಲ್ಲ, ಹೇಳಿ" ಎಂದೆ. ಇರುವುದನ್ನು ಹುಡುಕುವುದಕ್ಕಿಂತ ಇಲ್ಲದ್ದನ್ನು ಹುಡುಕುವಾಗ ಮಕ್ಕಳು ಹೆಚ್ಚು ಹೊತ್ತು ನೋಡುತ್ತಾರೆ. ಜನ ಇಲ್ಲ, ದನ ಇಲ್ಲ, ಜಗಲಿ ಇಲ್ಲ, ಅಂಗಳದಲ್ಲಿ ಕೂರುವ ಕಟ್ಟೆ ಇಲ್ಲ, ಕಿಟಕಿಗೆ ಸರಳು ಇಲ್ಲ ಎಂದರು. ಕೊನೆಯ ಎರಡನ್ನು ನಾನೇ ಗಮನಿಸಿರಲಿಲ್ಲ.

ಹಂತ 3. ಗಡಿಯಾರದ ಚಾರ್ಟು (10 ನಿಮಿಷ). ಒಂದು ದೊಡ್ಡ ಗಡಿಯಾರ ಬರೆದು, ಯಾವ ಹೊತ್ತಿಗೆ ಜನ ಎಲ್ಲಿರುತ್ತಾರೆ ಎಂದು ತುಂಬಿಸುತ್ತಾ ಹೋದೆವು. ಏಳೂವರೆಗೆ ರೈಲು ನಿಲ್ದಾಣದ ಪ್ಲಾಟ್‌ಫಾರಂ ತುಂಬ ಜನ, ಮಾತಿಲ್ಲ. ಎಂಟು ಮುಕ್ಕಾಲಿಗೆ ಶಾಲೆಯ ಗೇಟಿನ ಮುಂದೆ ಮಕ್ಕಳ ಕೈ ಹಿಡಿದ ತಂದೆ ತಾಯಂದಿರು. ಹತ್ತರಿಂದ ಕಾಮನ್‌ನಲ್ಲಿ ನಾಯಿಯವರು. ಹನ್ನೊಂದಕ್ಕೆ ಉಳಿದವರು ಮನೆಯ ಹಿಂದಿನ ತೋಟದಲ್ಲಿ ಅಥವಾ ಒಳಗೆ. ಅಲ್ಲಿ ಮನೆಯ ಮುಂಭಾಗ ನೋಡುವುದಕ್ಕೆ, ಹಿಂಭಾಗ ಬದುಕುವುದಕ್ಕೆ. ಸಂಜೆ ಆರೂವರೆಗೆ ನಿಲ್ದಾಣದಿಂದ ಹೊರಬೀಳುವ ಕಾಲು ಸಪ್ಪಳ. ಚಾರ್ಟು ತುಂಬಿದಾಗ ಒಬ್ಬ ಹುಡುಗ, "ಅಂದ್ರೆ ಜನ ಅವ್ರೆ, ಬೀದೀಲಿಲ್ಲ ಅಷ್ಟೇ" ಎಂದ. ಮೊದಲ ಪಾಠದಲ್ಲಿ ನಾನು ಕೊಡಲಾಗದ ಉತ್ತರ ಇದು. ಅದರ ಹಿಂದಿನ ಕಾರಣಗಳನ್ನು, ಅಂದರೆ ರೈಲು ಮತ್ತು ಹಸಿರು ಪಟ್ಟಿಯನ್ನು, ಆಗ ವಿವರಿಸಿದೆ. ಪ್ರಶ್ನೆ ಮೊದಲೇ ಎದ್ದಿದ್ದರಿಂದ ಇಸವಿಗಳು ಭಾರವಾಗಲಿಲ್ಲ.

ಹಂತ 4. ಗೋಳ ಮತ್ತು ಟಾರ್ಚು (7 ನಿಮಿಷ). ತಿಪಟೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಚಾರ್ಲಿವುಡ್ 51 ಡಿಗ್ರಿ ದಾಟಿ. ನಮ್ಮಲ್ಲಿ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆಯಷ್ಟು ವ್ಯತ್ಯಾಸ. ಅಲ್ಲಿ ಎಂಟು ಗಂಟೆಗೂ ಹೆಚ್ಚು. ಜೂನ್ ತಿಂಗಳಲ್ಲಿ ಗಡಿಯಾರ ರಾತ್ರಿ ಒಂಬತ್ತು ತೋರಿಸಿದರೂ ಬಿಸಿಲಿರುತ್ತದೆ. ಡಿಸೆಂಬರಿನಲ್ಲಿ ಸೂರ್ಯ ಎಂಟರ ನಂತರ ಹುಟ್ಟಿ ನಾಲ್ಕಕ್ಕೆ ಮೊದಲು ಮುಳುಗುತ್ತಾನೆ. ಗೋಳವನ್ನು ಓರೆಯಾಗಿ ಹಿಡಿದು ಟಾರ್ಚು ಬಿಟ್ಟು ತೋರಿಸಿದಾಗ, "ಚಳಿಗಾಲದಾಗೆ ಕಟ್ಟೆ ಮೇಲೆ ಕೂತ್ರೆ ಹೆಪ್ಪುಗಟ್ತಾರೆ" ಎಂದು ಮಕ್ಕಳೇ ಹೇಳಿದರು. ಜಗಲಿ ಇಲ್ಲದ್ದಕ್ಕೆ ಒಂದು ಕಾರಣ ಸಿಕ್ಕಿತು.

ಹಂತ 5. ಒಂದು ಪ್ರಸಂಗ (8 ನಿಮಿಷ). 'ಊಟ ಆಯ್ತಾ' ಪ್ರಶ್ನೆಯನ್ನು ಈ ಬಾರಿ ನಾನೇ ಎತ್ತಿದೆ. ಅಲ್ಲಿ ಎದುರಾದವರು "ಆಲ್‌ರೈಟ್?" ಎನ್ನುತ್ತಾರೆ. ಮೊದಲ ತಿಂಗಳು ನಾನು ಅದನ್ನು ನಿಜವಾದ ಪ್ರಶ್ನೆ ಎಂದುಕೊಂಡು, ನಿಂತು, ಉತ್ತರ ಹೇಳಲು ಹೋಗುತ್ತಿದ್ದೆ. ಅಷ್ಟರಲ್ಲಿ ಅವರು ದಾಟಿ ಹೋಗಿರುತ್ತಿದ್ದರು. "ನಾವು ಊಟ ಆಯ್ತಾ ಅಂದ್ರೂ ಊಟ ಹಾಕ್ತೀವಾ?" ಎಂದು ಕೇಳಿದೆ. ಮಕ್ಕಳು ನಕ್ಕರು. ಹವಾಮಾನದ ಮಾತೂ ಹಾಗೆಯೇ. ಅದು ಮಾತು ಬೆಳೆಸಲಿಕ್ಕಲ್ಲ, ಬಾಗಿಲು ತೆರೆದಿದೆ ಎಂದು ತಿಳಿಸಲಿಕ್ಕೆ.

ಆಮೇಲೆ ಎದುರು ಮನೆಯ ಅಜ್ಜಿಯ ವಿಷಯ ಹೇಳಿದೆ. ಎಂಬತ್ತು ದಾಟಿದವರು, ಒಬ್ಬರೇ ಇದ್ದರು. ಎರಡು ವರ್ಷ ನಮ್ಮ ನಡುವೆ ಕೈ ಬೀಸುವುದಕ್ಕಿಂತ ಹೆಚ್ಚಿನ ಬಳಕೆ ಇರಲಿಲ್ಲ. ಮೂರನೆಯ ಚಳಿಗಾಲ ಪತಿ ಬೇರೆ ಊರಿಗೆ ಹೋಗಿದ್ದಾಗ ನನಗೂ ಮಗಳಿಗೂ ಒಟ್ಟಿಗೆ ಜ್ವರ ಬಂತು. ಮೇಲೇಳಲಾಗಲಿಲ್ಲ. ಹತ್ತೂವರೆಗೆ ಬಾಗಿಲು ಬಡಿದ ಸದ್ದು. ಅಜ್ಜಿ ಕೋಲು ಹಿಡಿದು, ಒಂದು ಡಬ್ಬಿಯಲ್ಲಿ ಸೂಪು ತಂದು ನಿಂತಿದ್ದರು. "ನಿಮ್ಮ ಪರದೆ ಇನ್ನೂ ತೆರೆದಿಲ್ಲವಲ್ಲ, ಅದಕ್ಕೆ ಬಂದೆ" ಎಂದರು. ನಾನು ಯಾರೂ ನೋಡುವುದಿಲ್ಲ ಎಂದುಕೊಂಡಿದ್ದ ಬೀದಿಯಲ್ಲಿ ಒಬ್ಬರು ಎರಡು ವರ್ಷದಿಂದ ದಿನಾ ನನ್ನ ಕಿಟಕಿ ನೋಡುತ್ತಿದ್ದರು. ಅಂದಿನಿಂದ ನಾನೂ ಅವರ ಪರದೆ ನೋಡತೊಡಗಿದೆ. ಅವರದು ಏಳಕ್ಕೆ ತೆರೆಯುತ್ತಿತ್ತು.

ಮರುವರ್ಷ ಫೆಬ್ರವರಿಯಲ್ಲಿ ಒಂದು ದಿನ ತೆರೆಯಲಿಲ್ಲ. ಎಂಟಕ್ಕೆ ನೋಡಿದೆ. ಮಗಳನ್ನು ಶಾಲೆಗೆ ಬಿಟ್ಟು ಬಂದು ನೋಡಿದೆ. ಮುಚ್ಚಿಯೇ ಇತ್ತು. ಹೋಗಿ ಬಡಿಯಲೇ? ಮಲಗಿದ್ದರೆ? ತಮ್ಮ ಪಾಡಿಗೆ ಇರಲು ಬಿಡುವುದಿಲ್ಲ ಎಂದುಕೊಂಡರೆ? ಪರದೇಶದವಳು, ಇಲ್ಲಿನ ರೀತಿ ಗೊತ್ತಿಲ್ಲ ಎಂದುಕೊಂಡರೆ? ಚಹಾ ಮಾಡಿ ಕುಡಿದೆ. ಬಟ್ಟೆ ಮಡಿಸಿದೆ. ಹನ್ನೆರಡೂವರೆಗೆ ಹೋಗಿ ಬಡಿದೆ. ಉತ್ತರವಿಲ್ಲ. ಬಾಗಿಲಿನ ಟಪಾಲು ಕಿಂಡಿಯಲ್ಲಿ ಬಾಗಿ ಕೂಗಿದಾಗ ಒಳಗಿನಿಂದ ಸಣ್ಣ ದನಿ ಬಂತು. 999ಕ್ಕೆ ಫೋನು ಮಾಡಿದೆ. ಬೆಳಿಗ್ಗೆ ಆರಕ್ಕೆ ಅಡುಗೆಮನೆಯಲ್ಲಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಆರೂವರೆ ಗಂಟೆ ತಣ್ಣನೆಯ ನೆಲದ ಮೇಲಿದ್ದರು.

ಬದುಕಿದರು. ಆಸ್ಪತ್ರೆಗೆ ನೋಡಲು ಹೋದಾಗ ನನ್ನ ಕೈ ಹಿಡಿದು ಥ್ಯಾಂಕ್ಸ್ ಹೇಳಿದರು. ನಾನು ಎಂಟು ಗಂಟೆಗೇ ನೋಡಿದ್ದೆ ಎಂದು ಅವರಿಗೆ ಹೇಳಲಿಲ್ಲ. ಆಮೇಲೆ ಅವರು ಮಗನ ಊರಿನ ವೃದ್ಧರ ಆರೈಕೆ ಮನೆಗೆ ಹೋದರು. ಎದುರು ಮನೆಯ ಮುಂದೆ ಮಾರಾಟದ ಬೋರ್ಡು ಬಂತು. ಆ ವರ್ಷವೇ ನಾವು ಮರಳಿದೆವು.

ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ನಡುಗಿತು. ಅದು ಪಾಠಯೋಜನೆಯಲ್ಲಿ ಇರಲಿಲ್ಲ. ತರಗತಿ ಸುಮ್ಮನಿತ್ತು. ಮಕ್ಕಳು 'ನಮ್ಮಲ್ಲಿ ಹೀಗಾಗಲ್ಲ' ಎನ್ನುತ್ತಾರೆ ಎಂದು ನಿರೀಕ್ಷಿಸಿದ್ದೆ. ಒಬ್ಬಳು ಅಂದಳು ಕೂಡ. ಆಗ ಹಿಂದಿನ ಬೆಂಚಿನಲ್ಲಿ ಯಾವಾಗಲೂ ಸುಮ್ಮನಿರುವ ಹುಡುಗ ಎದ್ದು, "ಆಗ್ತದೆ ಮೇಡಂ. ನಮ್ಮ ಪಕ್ಕದ ತೋಟದ ಮನೆ ತಾತ ಬಚ್ಚಲಾಗೆ ಬಿದ್ದಿದ್ರು. ಮಕ್ಕಳೆಲ್ಲ ಬೆಂಗಳೂರಾಗವ್ರೆ. ಮಾರನೇ ದಿನ ಹಾಲಿನೋರಿಗೆ ಗೊತ್ತಾಗಿದ್ದು" ಎಂದ. ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ಮುಂದಿನ ಬೆಂಚಿನ ಹುಡುಗಿ, "ನಮ್ಮಲ್ಲಿ ಪರದೆ ಇಲ್ಲ ಮೇಡಂ, ರಂಗೋಲಿ ಐತೆ. ನಮ್ಮಜ್ಜಿ ಒಂದಿನ ರಂಗೋಲಿ ಹಾಕ್ಲಿಲ್ಲಾಂದ್ರೆ ಎದುರು ಮನೆ ಅತ್ತೆ ಬಂದು ಕೇಳ್ತಾರೆ" ಎಂದಳು.

ನಾನು ಹಲಗೆಯ ಮೇಲೆ ಪರದೆ, ರಂಗೋಲಿ, ಹಾಲಿನವರು ಎಂದು ಬರೆದೆ. ಕಪ್ಪುಹಲಗೆ ಸಾರಾಂಶದಲ್ಲಿ ಮೊದಲ ಪಾಠದ 'ಸ್ವಚ್ಛತೆ, ಶಿಸ್ತು, ಶಾಂತಿ' ಎಂಬ ಪದಗಳಿದ್ದ ಜಾಗದಲ್ಲಿ ಈಗ ಇವು ಇದ್ದವು.

ಹಂತ 6. ಮೌಲ್ಯಮಾಪನ ಮತ್ತು ಮನೆಗೆಲಸ (10 ನಿಮಿಷ). ಮೌಖಿಕವಾಗಿ ಕೇಳಿದ ಪ್ರಶ್ನೆಗಳು:

1. ಚಾರ್ಲಿವುಡ್ ಬೆಳೆಯಲು ರೈಲು ಹೇಗೆ ಕಾರಣವಾಯಿತು?
2. ಹಸಿರು ಪಟ್ಟಿಯಿಂದ ಆದ ಒಂದು ಲಾಭ, ಒಂದು ತೊಂದರೆ ತಿಳಿಸಿ.
3. ಗೋಮಾಳಕ್ಕೂ ಕಾಮನ್‌ಗೂ ಇರುವ ಹೋಲಿಕೆ ಏನು?
4. ಅಲ್ಲಿ ಚಳಿಗಾಲದ ಹಗಲು ಚಿಕ್ಕದಾಗಿರಲು ಕಾರಣವೇನು?
5. ಒಂದು ಊರಿನ ಸುಖವನ್ನು ಅಳೆಯಲು ನೀವು ಯಾವ ಅಂಶಗಳನ್ನು ಸೇರಿಸುತ್ತೀರಿ?

ಮನೆಗೆಲಸ: ನಿಮ್ಮ ಬೀದಿಯಲ್ಲಿ ಅಥವಾ ಹತ್ತಿರದ ತೋಟದ ಮನೆಗಳಲ್ಲಿ ಒಬ್ಬರೇ ಇರುವ ಹಿರಿಯರು ಎಷ್ಟು ಜನ? ಅವರು ಕ್ಷೇಮವಾಗಿದ್ದಾರೆ ಎಂದು ಬೇರೆಯವರಿಗೆ ಯಾವ ಗುರುತಿನಿಂದ ತಿಳಿಯುತ್ತದೆ? ಬರೆದು ತನ್ನಿ.

ಮನೆಗೆಲಸದಲ್ಲಿ ಕಂಡದ್ದು

ಮೂರು ದಿನಗಳ ನಂತರ ಪುಸ್ತಕಗಳು ಬಂದವು. ಗುರುತುಗಳು ಬಗೆಬಗೆಯವು: ಬೆಳಗಿನ ಒಲೆಯ ಹೊಗೆ, ರೇಡಿಯೋ ಸದ್ದು, ಬಾಗಿಲ ಮುಂದಿನ ಚಪ್ಪಲಿ, ದೀಪ ಹಚ್ಚುವ ಹೊತ್ತು, ಹಸು ಕಟ್ಟುವ ಜಾಗ. ಕೆಲವರು 'ಯಾವ ಗುರುತೂ ಇಲ್ಲ' ಎಂದು ಬರೆದಿದ್ದರು. ಒಬ್ಬ ಬರೆದಿದ್ದ ಸಾಲು ಹೀಗಿತ್ತು: 'ನಮ್ಮ ಬೀದಿಯಲ್ಲಿ ಮೂರು ಮನೆಗಳಿಗೆ ಬೀಗ, ಎರಡು ಮನೆಗಳಲ್ಲಿ ಅಜ್ಜಿ ಮಾತ್ರ. ಇಲ್ಲಿಯವರೆಗೆ ಎಣಿಸಿರಲಿಲ್ಲ.'

ಈ ಸಾಲನ್ನು ಮಾರ್ಗದರ್ಶಕರಿಗೆ ತೋರಿಸಿದೆ. "ಇದು ಜನವಸತಿ ಭೂಗೋಳ" ಎಂದರು.

ಈ ಅನುಭವದಿಂದ ಕಲಿತದ್ದು

ಒಂದು, ಬದುಕಿ ಬಂದ ವಿಷಯವನ್ನು ಪಾಠ ಮಾಡುವುದು ಸುಲಭ ಎಂಬುದು ತಪ್ಪು ಕಲ್ಪನೆ. ಅನುಭವಕ್ಕೂ ವಿಷಯಜ್ಞಾನಕ್ಕೂ ಅಂತರವಿದೆ. ನಾಲ್ಕು ವರ್ಷ ಆ ರೈಲಿನಲ್ಲಿ ಓಡಾಡಿದ್ದರೂ ಅದು ಆ ಊರಿಗೆ ಏನು ಮಾಡಿತು ಎಂದು ನಾನು ಓದಿರಲಿಲ್ಲ.

ಎರಡು, ಹೋಲಿಕೆಯ ಪಾಠದಲ್ಲಿ ವ್ಯತ್ಯಾಸಗಳ ಪಟ್ಟಿ ಮಾಡಿಸಿ ನಿಲ್ಲಿಸಿದರೆ ಮಕ್ಕಳು ಕೀಳರಿಮೆ ಅಥವಾ ಹೆಮ್ಮೆ, ಎರಡರಲ್ಲಿ ಒಂದನ್ನು ಕಲಿಯುತ್ತಾರೆ. ಎರಡೂ ಊರುಗಳಿಗೆ ಒಂದೇ ಪ್ರಶ್ನೆ ಕೇಳಬೇಕು. ಆಗ ವ್ಯತ್ಯಾಸಕ್ಕೆ ಕಾರಣ ಹುಡುಕುವ ಅಭ್ಯಾಸವಾಗುತ್ತದೆ.

ಮೂರು, ಫೋಟೋ ಒಂದು ಹೊತ್ತಿನದು. ಅದನ್ನು ಬೋಧನೋಪಕರಣವಾಗಿ ಬಳಸುವಾಗ ಯಾವಾಗ ತೆಗೆದದ್ದು, ಯಾರು ತೆಗೆದದ್ದು, ಏನನ್ನು ಬಿಟ್ಟದ್ದು ಎಂಬುದನ್ನೂ ಪಾಠದ ಭಾಗ ಮಾಡಬೇಕು.

ನಾಲ್ಕು, ಶಿಕ್ಷಕರು ತಮ್ಮ ಬದುಕಿನ ಪ್ರಸಂಗ ಹೇಳುವುದಾದರೆ ಚಿಕ್ಕದಾಗಿ ಹೇಳಬೇಕು. ಹೇಳಿದ ಮೇಲೆ ಮಕ್ಕಳಿಗೆ ಮಾತಾಡಲು ಸಮಯ ಬಿಡಬೇಕು. ನಾನು ಎಂಟು ನಿಮಿಷ ಎಂದು ಬರೆದುಕೊಂಡಿದ್ದ ಹಂತ ಹದಿಮೂರು ನಿಮಿಷವಾಯಿತು. ಮೌಲ್ಯಮಾಪನದ ಐದನೆಯ ಪ್ರಶ್ನೆಗೆ ಸಮಯ ಸಾಲಲಿಲ್ಲ. ಮುಂದಿನ ಬಾರಿ ಗೋಳದ ಚಟುವಟಿಕೆಯನ್ನು ಪ್ರತ್ಯೇಕ ಅವಧಿಗೆ ಇಡುತ್ತೇನೆ. ಬ್ರೆಡ್ಡಿನ ವಿಷಯ ಹೇಳಲು ಅವಕಾಶವೇ ಆಗಲಿಲ್ಲ.

ಕೊನೆಯದಾಗಿ, 'ಎ' ವಿಭಾಗದ ಆ ಹುಡುಗನಿಗೆ ಉತ್ತರ ಬಾಕಿ ಇತ್ತು. ಅಭ್ಯಾಸ ಬೋಧನೆಯ ಕೊನೆಯ ದಿನ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಹದಿನೈದು ನಿಮಿಷ ಆ ತರಗತಿಗೆ ಹೋದೆ. ಗಡಿಯಾರದ ಚಾರ್ಟನ್ನು ಹಾಕಿ, ಅವನ ಪ್ರಶ್ನೆಯನ್ನು ಮೇಲೆ ಬರೆದು, ಅದನ್ನು ಕೇಳಿದವನು ಯಾರು ಎಂದು ಹೇಳಿ, ಉತ್ತರ ವಿವರಿಸಿದೆ. ಮುಗಿದ ಮೇಲೆ ಅವನು ಮತ್ತೆ ಎದ್ದ.

"ಆ ಅಜ್ಜಿ ಈಗ ಹೆಂಗವ್ರೆ, ಮೇಡಂ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ. "ಒಂದ್ ಕಾಗ್ದ ಬರೀರಿ" ಎಂದ. ಅಂದು ರಾತ್ರಿ ಹಳೆಯ ಡೈರಿಯಲ್ಲಿ ಅವರ ಮಗನ ವಿಳಾಸ ಹುಡುಕಿ ಬರೆದೆ. ಎಂಟು ಗಂಟೆಗೇ ನೋಡಿದ್ದೆ ಎಂಬುದನ್ನೂ ಸೇರಿಸಿ.